ಒಳಚಡ್ಡಿ ಕಡ್ಡಾಯ, ಮೌತ್‌ಗಾರ್ಡ್ ಐಚ್ಛಿಕ: ವೃತ್ತಿಪರ ರಗ್ಬಿಯ ಈ ನಿಯಮ ಬದಲಾಗಬೇಕೇ?

(ಅಡ್ಡಹೆಸರುಗಳಲ್ಲಿ ಬರೆಯುವವರ ನಡುವಿನ ಚರ್ಚೆ)

ನಾಲ್ಕನೆಯ ನಿಯಮ ಬರೆದದ್ದು:

ರಗ್ಬಿ ಯೂನಿಯನ್ ನಿಯಮಾವಳಿಯಲ್ಲಿ ನಾಲ್ಕನೆಯದು ಉಡುಪಿನ ನಿಯಮ. ಅಂಗಿ, ಚಡ್ಡಿ, ಒಳಚಡ್ಡಿ, ಕಾಲುಚೀಲ ಮತ್ತು ಬೂಟು ಆಟಗಾರನ ಮೈಮೇಲೆ ಇರಬೇಕಾದವು. ಅದರ ಮುಂದೆ, ಇಷ್ಟವಿದ್ದವರು ತೊಡಬಹುದಾದವುಗಳ ಪಟ್ಟಿಯೊಂದಿದೆ. ಬೆರಳು ಮುಚ್ಚದ ಕೈಗವಸು, ಮೆತ್ತನೆಯ ತಲೆಗವಸುಗಳ ಸಾಲಿನಲ್ಲಿಯೇ ಮೌತ್‌ಗಾರ್ಡ್ ಕೂಡ ಕುಳಿತಿದೆ. ನೂರು ಕಿಲೋ ಆಸುಪಾಸಿನ 30 ಮಂದಿ 80 ನಿಮಿಷ ಒಬ್ಬರ ಮೇಲೊಬ್ಬರು ಎರಗುವ ಆಟದಲ್ಲಿ ಒಳಚಡ್ಡಿ ಕಡ್ಡಾಯವಾಗಿದ್ದು ಹಲ್ಲಿನ ರಕ್ಷಣೆ ಮಾತ್ರ ಐಚ್ಛಿಕವಾಗಿ ಉಳಿದಿದೆ ಎಂಬುದನ್ನು ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ.

ಆಯಾ ದೇಶದ ಸಂಸ್ಥೆಗಳು ಇದಕ್ಕಿಂತ ಕಟ್ಟುನಿಟ್ಟಾದ ನಿಯಮ ಮಾಡಿಕೊಳ್ಳಬಹುದು, ಕೆಲವು ಮಾಡಿಕೊಂಡೂ ಇವೆ. ಮಕ್ಕಳ ವಿಷಯದಲ್ಲಿ ಹೆಚ್ಚಿನ ತಕರಾರಿಲ್ಲದಿರುವುದರಿಂದ ಅದನ್ನು ಇಲ್ಲಿ ಬದಿಗಿಡೋಣ. ನನ್ನ ಪ್ರಶ್ನೆ ಸಂಬಳ ಪಡೆದು ಆಡುವ ವಯಸ್ಕರನ್ನು ಕುರಿತದ್ದು. ಮೌತ್‌ಗಾರ್ಡ್ ಹಾಕಿಕೊಳ್ಳದ ವೃತ್ತಿಪರ ಆಟಗಾರನನ್ನು ಮೈದಾನಕ್ಕೆ ಬಿಡಬಾರದು ಎಂದು ಆಟದ ನಿಯಮವೇ ಹೇಳಬೇಕೇ? ಹೇಳಬೇಕು ಎಂಬುದು ನನ್ನ ಒಲವು. ಆದರೆ ಆ ಒಲವಿಗೆ ನಾನು ಕೊಡುತ್ತಿರುವ ಕಾರಣಗಳು ಸರಿಯೇ ಎಂಬ ಬಗ್ಗೆ ನನಗೇ ಅನುಮಾನವಿರುವುದರಿಂದ ಬಲ್ಲವರ ಮಾತು ಕೇಳಬಯಸುತ್ತೇನೆ.

ದಂತಪಂಕ್ತಿ ಬರೆದದ್ದು:

ನಾನು ದಂತವೈದ್ಯೆ, ಆಟಗಾರರ ಬಾಯಿಗಳನ್ನು ಸಾಕಷ್ಟು ನೋಡಿದ್ದೇನೆ. ಮೌತ್‌ಗಾರ್ಡ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗದ ಹೊರತು ಕಡ್ಡಾಯದ ಮಾತು ಗಾಳಿಯಲ್ಲಿ ಗುದ್ದಾಡಿದಂತಾಗುತ್ತದೆ.

ಮುಖಕ್ಕೆ ಮೊಣಕೈಯೋ ಭುಜವೋ ತಲೆಯೋ ಬಡಿದಾಗ ಮೇಲಿನ ಮುಂಬಲ್ಲುಗಳು ಮೊದಲು ಪೆಟ್ಟು ತಿನ್ನುತ್ತವೆ. ಗದ್ದಕ್ಕೆ ಕೆಳಗಿನಿಂದ ಪೆಟ್ಟು ಬಿದ್ದರೆ ಕೆಳದವಡೆ ಮೇಲಕ್ಕೆ ಅಪ್ಪಳಿಸಿ ಹಿಂಬದಿಯ ದವಡೆಹಲ್ಲುಗಳೇ ಸೀಳುವುದುಂಟು. ಆಟಗಾರ ಎದ್ದು ಓಡುತ್ತಾನೆ, ಸೀಳು ಕಾಣಿಸುವುದು ಎಷ್ಟೋ ದಿನಗಳ ನಂತರ. ಮೌತ್‌ಗಾರ್ಡ್ ಈ ಎರಡು ಬಗೆಯ ಹೊಡೆತದ ಬಲವನ್ನು ಒಂದೇ ಹಲ್ಲಿನ ಮೇಲೆ ಬೀಳಲು ಬಿಡದೆ ಸಾಲಿನುದ್ದಕ್ಕೂ ಹಂಚುತ್ತದೆ, ಮತ್ತು ತುಟಿ, ಕೆನ್ನೆ, ನಾಲಗೆಗಳು ಸ್ವಂತ ಹಲ್ಲಿಗೇ ಸಿಕ್ಕಿ ಹರಿಯದಂತೆ ತಡೆಯುತ್ತದೆ.

ಎಲ್ಲ ಮೌತ್‌ಗಾರ್ಡ್‌ಗಳೂ ಒಂದೇ ಅಲ್ಲ. ಸಿದ್ಧ ಅಳತೆಯಲ್ಲಿ ಸಿಗುವುದು ಬಾಯಿಯಲ್ಲಿ ನಿಲ್ಲುವುದೇ ಇಲ್ಲ, ಅದನ್ನು ಹಲ್ಲು ಕಚ್ಚಿಯೇ ಹಿಡಿದುಕೊಂಡಿರಬೇಕು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ಮೂಡಿಸಿಕೊಳ್ಳುವ ಎರಡನೆಯ ಬಗೆಯೇ ಎಲ್ಲೆಡೆ ಹೆಚ್ಚು ಬಳಕೆಯಲ್ಲಿದೆ. ಜೋರಾಗಿ ಕಚ್ಚಿದರೆ ರಕ್ಷಣೆ ಹೆಚ್ಚು ಬೇಕಾದ ಜಾಗದಲ್ಲಿಯೇ ಅದು ತೆಳುವಾಗುತ್ತದೆ. ಮೂರನೆಯದು ಹಲ್ಲಿನ ಅಚ್ಚು ತೆಗೆದು, ಎಥಿಲೀನ್ ವಿನೈಲ್ ಅಸಿಟೇಟ್ ಹಾಳೆಯನ್ನು ಬಿಸಿಮಾಡಿ ಅದರ ಮೇಲೆ ಒತ್ತಿ, ಒಬ್ಬೊಬ್ಬರ ಬಾಯಿಗೆ ತಕ್ಕಂತೆ ತಯಾರಿಸುವಂಥದು. ಇದನ್ನು ಹಾಕಿಕೊಂಡು ಮಾತನಾಡಬಹುದು, ನೀರು ಕುಡಿಯಬಹುದು.

ಬುಡಸಮೇತ ಉದುರಿದ ಹಲ್ಲನ್ನು ಬೇರು ಮುಟ್ಟದೆ ಎತ್ತಿ, ಸಾಧ್ಯವಾದರೆ ಕೂಡಲೇ ಗೂಡಿಗೆ ಕೂರಿಸಬೇಕು, ಇಲ್ಲದಿದ್ದರೆ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ಒಯ್ಯಬೇಕು. ಹೀಗೆ ಉಳಿಸಿದ ಹಲ್ಲು ಕೂಡ ಮುಂದೆ ಬೇರು ಕರಗಿ ಹೋಗಬಹುದು. ಇಪ್ಪತ್ತರ ಹರೆಯದಲ್ಲಿ ಕಳೆದುಕೊಂಡ ಹಲ್ಲಿಗೆ ಕಟ್ಟಿದ ಬದಲಿಯನ್ನು ಜೀವಮಾನದಲ್ಲಿ ಹಲವು ಸಲ ಮತ್ತೆ ಕಟ್ಟಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಮೌತ್‌ಗಾರ್ಡ್ ಮಿದುಳನ್ನು ಕಾಪಾಡುತ್ತದೆ ಎಂದು ಅಂಗಡಿಯ ಡಬ್ಬಿಯ ಮೇಲೆ ಬರೆದಿದ್ದರೆ, ದಯವಿಟ್ಟು ಆ ಡಬ್ಬಿಯನ್ನು ಈ ಚರ್ಚೆಗೆ ತರಬೇಡಿ.

ಸ್ವನಿರ್ಣಯ ಬರೆದದ್ದು:

ವೈದ್ಯೆಯವರ ಮಾತಿನಲ್ಲಿ ನಾನು ಅಲ್ಲಗಳೆಯುವಂಥದ್ದು ಏನೂ ಇಲ್ಲ. ಆದರೆ ಒಂದು ವಸ್ತು ಒಳ್ಳೆಯದು ಎಂದು ತೋರಿಸುವುದು ಬೇರೆ, ಅದನ್ನು ವಯಸ್ಕನೊಬ್ಬನ ಬಾಯಿಗೆ ಬಲವಂತವಾಗಿ ತುರುಕಬಹುದು ಎಂದು ತೋರಿಸುವುದು ಬೇರೆ. ಎದುರಾಳಿಯ ಬೂಟಿನ ಮೊಳೆ ಚೂಪಾಗಿದ್ದರೆ ಗಾಯವಾಗುವುದು ನನಗೆ, ಹಾಗಾಗಿ ರೆಫರಿ ಅದನ್ನು ಪರೀಕ್ಷಿಸುವುದು ನ್ಯಾಯ. ಎದುರಾಳಿಯ ಬಾಯಿಯಲ್ಲಿ ಮೌತ್‌ಗಾರ್ಡ್ ಇಲ್ಲದಿದ್ದರೆ ನಷ್ಟ ಅವನೊಬ್ಬನದೇ.

ಬೇರೆ ಆಟಗಳನ್ನು ನೋಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೈಸ್ಕೂಲು ಮಟ್ಟದಲ್ಲಿ 1962ರಲ್ಲಿ, ಕಾಲೇಜು ಮಟ್ಟದಲ್ಲಿ 1973ರಲ್ಲಿ ಮೌತ್‌ಗಾರ್ಡ್ ಕಡ್ಡಾಯವಾಯಿತು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಅದು ಆಟಗಾರನ ಆಯ್ಕೆಯಾಗಿಯೇ ಉಳಿದಿದೆ, ಐಸ್ ಹಾಕಿಯ ಎನ್‌ಎಚ್‌ಎಲ್‌ನಲ್ಲೂ ಅಷ್ಟೆ. ಅಲ್ಲಿನವರಿಗೆ ಹಲ್ಲಿನ ಬೆಲೆ ತಿಳಿಯದೆಂದಲ್ಲ. ಸಂಘಟಿತರಾದ ವಯಸ್ಕ ಕೆಲಸಗಾರರ ಮೇಲೆ ನಿಯಮ ಹೇರಬೇಕಾದರೆ ಅವರ ಒಪ್ಪಿಗೆ ಬೇಕು ಎಂಬ ತತ್ತ್ವವನ್ನು ಅಲ್ಲಿ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಅಂಕಿಗಣ್ಣು ಬರೆದದ್ದು:

'ನಷ್ಟ ಅವನೊಬ್ಬನದೇ' ಎಂಬ ಮಾತನ್ನು ಪರೀಕ್ಷಿಸಲು ನ್ಯೂಜಿಲೆಂಡ್ ಅನುಕೂಲಕರವಾದ ಜಾಗ, ಏಕೆಂದರೆ ಅಲ್ಲಿ ಅಪಘಾತದ ಗಾಯಗಳ ಚಿಕಿತ್ಸಾ ವೆಚ್ಚವನ್ನು ಸರ್ಕಾರಿ ಸ್ವಾಮ್ಯದ ಅಪಘಾತ ಪರಿಹಾರ ನಿಗಮ ಭರಿಸುತ್ತದೆ, ಹಾಗಾಗಿ ಹಲ್ಲು ಮುರಿದ ಲೆಕ್ಕ ಒಂದೇ ಕಡೆ ಸಿಗುತ್ತದೆ. ಆ ದೇಶದ ರಗ್ಬಿ ಸಂಸ್ಥೆ 1997ರಲ್ಲಿ 19 ವರ್ಷದೊಳಗಿನವರಿಗೂ 1998ರಲ್ಲಿ ದೇಶದೊಳಗಿನ ಎಲ್ಲ ದರ್ಜೆಯ ಪಂದ್ಯಗಳಿಗೂ ಮೌತ್‌ಗಾರ್ಡ್ ಕಡ್ಡಾಯಗೊಳಿಸಿತು. ಆಟ ವೃತ್ತಿಪರವಾದದ್ದು 1995ರಲ್ಲಿ ಎಂಬುದನ್ನು ನೆನೆದರೆ, ಹಣ ಬಂದ ಬೆನ್ನಲ್ಲೇ ಈ ನಿಯಮವೂ ಬಂದಿತು ಎನ್ನಬಹುದು.

ಪರಿಣಾಮವನ್ನು ಅಳೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಾವು ಮೌತ್‌ಗಾರ್ಡ್ ಹಾಕುತ್ತೇವೆಂದು ಆಟಗಾರರೇ ಹೇಳಿಕೊಂಡ ಪ್ರಮಾಣ 1993ರಲ್ಲಿ ಶೇ. 67 ಇದ್ದದ್ದು 2003ರಲ್ಲಿ ಶೇ. 93ಕ್ಕೆ ಏರಿತು. 1995ರಿಂದ 2003ರ ನಡುವೆ ರಗ್ಬಿಯಿಂದಾದ ಹಲ್ಲಿನ ಗಾಯಗಳ ಪರಿಹಾರ ಕೋರಿಕೆಗಳು ಶೇ. 43ರಷ್ಟು ಇಳಿದವು. ಹಾಕಿಕೊಳ್ಳದವರು ಹಾಕಿಕೊಂಡವರಿಗಿಂತ 4.6 ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಪರಿಹಾರ ಕೇಳಿದ್ದರು ಎಂದು ಅಂದಾಜಾಯಿತು. ಉಳಿತಾಯ 5,839 ಕೋರಿಕೆಗಳು, ಸುಮಾರು 18.7 ಲಕ್ಷ ನ್ಯೂಜಿಲೆಂಡ್ ಡಾಲರ್.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಿ ಎನ್ನುವುದಿಲ್ಲ. ಆಟಗಾರರ ಮತ್ತು ಪಂದ್ಯಗಳ ಸಂಖ್ಯೆ ಆ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು ಎಂಬ ಊಹೆಯ ಮೇಲೆ 4.6 ಎಂಬ ಲೆಕ್ಕ ನಿಂತಿದೆ, ಮತ್ತು ಅದು ಎಲ್ಲ ದರ್ಜೆಯ ಆಟಗಾರರ ಲೆಕ್ಕವೇ ಹೊರತು ವೃತ್ತಿಪರರದು ಮಾತ್ರವಲ್ಲ. ಆದರೂ ಇಳಿಕೆಯ ದಿಕ್ಕಿನ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಹಲ್ಲು ಅವನದೇ ಆಗಿರಬಹುದು, ಬಿಲ್ಲು ಮಾತ್ರ ಎಲ್ಲರದು.

ಹಳೆಯ ಹುಕ್ಕರ್ ಬರೆದದ್ದು:

ಎರಡೂ ತಂಡಗಳ ಎಂಟೆಂಟು ಮಂದಿ ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್ಮಿನ ನಡುವೆ ಹನ್ನೊಂದು ಋತುಗಳ ಕಾಲ ಹುಕ್ಕರ್ ಆಗಿ ತಲೆ ತೂರಿಸಿದವನು ನಾನು. ನನ್ನ ಮೇಲಿನ ಎರಡು ಮುಂಬಲ್ಲುಗಳು ನನ್ನವಲ್ಲ. ಸ್ವನಿರ್ಣಯ ಅವರು ಹೇಳುವ ತತ್ತ್ವವನ್ನು ಆಡುವ ದಿನಗಳಲ್ಲಿ ಯಾರ ಬಾಯಿಂದಲೂ ನಾನು ಕೇಳಲಿಲ್ಲ. ಮೌತ್‌ಗಾರ್ಡ್ ಹಾಕದವರು ಹಾಕದೆ ಇದ್ದದ್ದು ಸ್ವಾತಂತ್ರ್ಯಕ್ಕಾಗಿ ಅಲ್ಲ, ಅದು ಕಿರಿಕಿರಿ ಮಾಡುತ್ತಿತ್ತು ಎಂಬ ಕಾರಣಕ್ಕೆ. ಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆಯುವ ಲೈನ್‌ಔಟಿನ ಸಂಕೇತವನ್ನು ಕೂಗಿ ಹೇಳಬೇಕಾದವನಿಗೆ ಬಾಯಲ್ಲಿ ರಬ್ಬರಿನ ತುಂಡಿದ್ದರೆ ಮಾತು ತೊದಲುತ್ತದೆ. ಸ್ಕ್ರಮ್ಮಿನಿಂದ ಚೆಂಡನ್ನು ಹೊರತೆಗೆದು ಕೊಡುವ ಸ್ಕ್ರಮ್ ಹಾಫ್‌ಗಳಿಗೂ ಇದೇ ತೊಂದರೆ, ಏಕೆಂದರೆ ಅವರ ಕೆಲಸವೇ ಅರ್ಧ ಕೂಗಾಟ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಉಸಿರು ಕಟ್ಟಿದಂತೆ ಆಗುತ್ತಿತ್ತು. ಅದನ್ನು ಹಾಕಿಕೊಂಡರೆ ವಾಕರಿಕೆ ಬರುತ್ತದೆ ಎಂದು ಹೇಳುತ್ತಿದ್ದ ಜೊತೆಗಾರನೊಬ್ಬನಿದ್ದ, ನಾವೆಲ್ಲ ಅವನನ್ನು ಹಾಸ್ಯ ಮಾಡುತ್ತಿದ್ದೆವು.

ನನ್ನ ಹಲ್ಲು ಹೋದದ್ದು ಪಂದ್ಯದಲ್ಲಲ್ಲ, ವಾರದ ನಡುವಿನ ಅಭ್ಯಾಸದಲ್ಲಿ. ಅಂದು ಪೂರ್ಣ ಬಲದ ಟ್ಯಾಕಲ್ ಇಲ್ಲವೆಂದು ಹೇಳಿದ್ದರು, ಹಾಗಾಗಿ ಮೌತ್‌ಗಾರ್ಡ್ ಚೀಲದಲ್ಲಿಯೇ ಉಳಿದಿತ್ತು. ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ತಳ್ಳಾಡುವ ಗುಂಪಿನಿಂದ, ಅಂದರೆ ರಕ್‌ನಿಂದ, ಏಳುವಾಗ ನಮ್ಮದೇ ತಂಡದ ಹುಡುಗನ ತಲೆ ನನ್ನ ಬಾಯಿಗೆ ಬಡಿಯಿತು. ನೋವಿಗಿಂತ ಮೊದಲು ನನಗೆ ಗೊತ್ತಾದದ್ದು ನಾಲಗೆ ಮುಂದೆ ಚಾಚಿದರೆ ಅಲ್ಲಿ ಏನೂ ತಗಲುತ್ತಿಲ್ಲ ಎಂಬುದು. ಎಲ್ಲರೂ ಹುಲ್ಲಿನಲ್ಲಿ ಮೊಣಕಾಲೂರಿ ಹುಡುಕಿದರು. ಒಂದು ಹಲ್ಲು ಸಿಕ್ಕಿತು. ಸಿಕ್ಕವನು ಅದನ್ನು ಅಂಗಿಗೆ ಚೆನ್ನಾಗಿ ಉಜ್ಜಿ ಸ್ವಚ್ಛ ಮಾಡಿ ಕೊಟ್ಟ. ಬೇರು ಮುಟ್ಟಬಾರದು ಎಂದು ಮೇಲೆ ವೈದ್ಯೆಯವರು ಬರೆದದ್ದನ್ನು ಓದಿದಾಗ ಅವನ ಆ ಶ್ರದ್ಧೆ ನೆನಪಾಯಿತು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನನ್ನ ಮಟ್ಟಿಗೆ ಅಕ್ಷರಶಃ ನಿಜವಾಯಿತು, ಏಕೆಂದರೆ ನನಗೆ ಮೊದಲ ಒಳ್ಳೆಯ ಒಪ್ಪಂದ ಸಿಕ್ಕಿದ್ದು ಮರುವರ್ಷ. ಆಗ ಅಳತೆ ತೆಗೆದು ಮಾಡಿಸಿದ ಮೌತ್‌ಗಾರ್ಡ್ ಕೈಗೆ ಬಂತು, ಎರಡು ವಾರದಲ್ಲಿ ಕೂಗುವುದೂ ಉಸಿರಾಡುವುದೂ ಅಭ್ಯಾಸವಾಯಿತು. ಹಾಗಾದರೆ ಅಷ್ಟು ವರ್ಷ ನಾನು ದೂರುತ್ತಿದ್ದದ್ದು ಕಳಪೆ ಮೌತ್‌ಗಾರ್ಡ್ ಬಗ್ಗೆಯೇ ಹೊರತು ಮೌತ್‌ಗಾರ್ಡ್ ಬಗ್ಗೆ ಅಲ್ಲ. ನಿಯಮ ಬರುವುದಾದರೆ ಅಭ್ಯಾಸಕ್ಕೂ ಅನ್ವಯಿಸಲಿ, ಮತ್ತು ಅಳತೆ ತೆಗೆಸಿ ಕೊಡುವ ಹೊಣೆ ಸಂಬಳ ಕೊಡುವವನದಾಗಲಿ.

ಸ್ವನಿರ್ಣಯ ಬರೆದದ್ದು:

ಹುಕ್ಕರ್ ಅವರೇ, ಕೊನೆಯ ವಾಕ್ಯದಲ್ಲಿ ನೀವು ನನ್ನ ಪಕ್ಷಕ್ಕೆ ಅರ್ಧ ಬಂದಿದ್ದೀರಿ. ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವ ನಿಯಮಕ್ಕೆ ನನ್ನ ವಿರೋಧವಿಲ್ಲ.

ಅಂಚುಗೆರೆ ಬರೆದದ್ದು:

ಇದುವರೆಗಿನ ಚರ್ಚೆ ಹತ್ತು ವರ್ಷಗಳ ಹಿಂದೆ ನಡೆದಿದ್ದರೆ ಸಂಪೂರ್ಣವಾಗಿರುತ್ತಿತ್ತು. ಪಂದ್ಯದ ದಿನ ಮೈದಾನದ ಅಂಚಿನಲ್ಲಿ ವೈದ್ಯಕೀಯ ತಂಡದೊಂದಿಗೆ ನಿಲ್ಲುವವನಾಗಿ ಹೇಳುತ್ತೇನೆ: ಉನ್ನತ ಮಟ್ಟದಲ್ಲಿ ಇಂದು ಮೌತ್‌ಗಾರ್ಡ್ ಎಂದರೆ ಹಲ್ಲಿನ ಮಾತಲ್ಲ, ತಲೆಯ ಮಾತು.

ಆಟದ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿ, 2024ರ ಜನವರಿಯಿಂದ ಸಂವೇದಕ ಅಳವಡಿಸಿದ ಮೌತ್‌ಗಾರ್ಡ್‌ಗಳನ್ನು ತಲೆಪೆಟ್ಟಿನ ತಪಾಸಣೆಯ, ಅಂದರೆ ಎಚ್‌ಐಎಯ ಭಾಗವಾಗಿಸಿತು. ಮೇಲಿನ ಹಲ್ಲುಗಳು ತಲೆಬುರುಡೆಗೆ ಗಟ್ಟಿಯಾಗಿ ನೆಟ್ಟಿರುವುದರಿಂದ, ಅವುಗಳ ಮೇಲೆ ಬಿಗಿಯಾಗಿ ಕೂತ ಸಂವೇದಕವು ತಲೆ ಎಷ್ಟು ರಭಸದಿಂದ ಅಲುಗಿತು, ಎಷ್ಟು ತಿರುಚಿಕೊಂಡಿತು ಎಂಬುದನ್ನು ತಲೆಗವಸು ಅಥವಾ ಚರ್ಮಕ್ಕೆ ಅಂಟಿಸಿದ ಸಾಧನಕ್ಕಿಂತ ನಿಖರವಾಗಿ ಅಳೆಯಬಲ್ಲದು. ಆರಂಭದಲ್ಲಿ ಪುರುಷರಿಗೆ 75 ಜಿ (ಅಂದರೆ ಭೂಗುರುತ್ವದ ವೇಗೋತ್ಕರ್ಷದ 75 ಪಟ್ಟು), ಮಹಿಳೆಯರಿಗೆ 65 ಜಿ ಎಂಬ ಮಿತಿಯೊಂದಿಗೆ ತಿರುಚುವಿಕೆಯ ಮಿತಿಯನ್ನೂ ಇಟ್ಟಿದ್ದರು. ಮಿತಿ ದಾಟಿದರೆ ಬ್ಲೂಟೂತ್ ಮೂಲಕ ಅಂಚಿನಲ್ಲಿರುವ ವೈದ್ಯರಿಗೆ ಸೂಚನೆ ಬರುತ್ತದೆ, ಆಟಗಾರ ಲಕ್ಷಣವೊಂದನ್ನೂ ತೋರದಿದ್ದರೂ ಹೊರಬಂದು 12 ನಿಮಿಷದ ತಪಾಸಣೆಗೆ ಒಳಗಾಗಬೇಕು.

ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಹೀಗೆ ಮೊದಲು ಹೊರಬಂದವರು ಸ್ಕಾಟ್ಲೆಂಡಿನ ಹುಕ್ಕರ್ ಜಾರ್ಜ್ ಟರ್ನರ್, 2024ರ ಫೆಬ್ರುವರಿಯಲ್ಲಿ ಫ್ರಾನ್ಸ್ ವಿರುದ್ಧ. ತಪಾಸಣೆಯಲ್ಲಿ ತೇರ್ಗಡೆಯಾಗಿ ಅವರು ಮರಳಿ ಆಡಿದರು. ಚೆನ್ನಾಗಿಯೇ ಕಾಣುತ್ತಿದ್ದವನನ್ನು ಏಕೆ ಹೊರಗೆ ತಂದಿರಿ ಎಂದು ಕೆಲವರು ಕೇಳಿದರು. ಚೆನ್ನಾಗಿ ಕಾಣುವವರನ್ನೂ ನೋಡಬೇಕೆಂಬುದೇ ಈ ವ್ಯವಸ್ಥೆಯ ಉದ್ದೇಶ ಎಂಬುದನ್ನು ಅವರಿಗೆ ವಿವರಿಸಲು ಬಹಳ ತಾಳ್ಮೆ ಬೇಕು. 2025ರ ಮಹಿಳಾ ವಿಶ್ವಕಪ್ಪಿನಲ್ಲಿ ಪೆಟ್ಟು ಮಿತಿ ಮೀರಿದರೆ ಬಾಯಲ್ಲಿಯೇ ಕೆಂಪು ದೀಪ ಮಿನುಗುವ ಮೌತ್‌ಗಾರ್ಡ್‌ಗಳೂ ಬಂದವು.

ಈಗ ಮುಖ್ಯ ವಿಷಯ. ಈ ಸಂವೇದಕ ಮೌತ್‌ಗಾರ್ಡ್ ಹಾಕಿಕೊಳ್ಳಲೇಬೇಕು ಎಂದು ನಿಯಮ ಹೇಳುವುದಿಲ್ಲ. ಹಾಕಿಕೊಳ್ಳದವನಿಗೆ 12 ನಿಮಿಷದ ತಪಾಸಣೆಯ ಅವಕಾಶವಿಲ್ಲ ಎಂದು ಮಾತ್ರ ಹೇಳುತ್ತದೆ. ಅವನಿಗೆ ಮಿದುಳಿನ ಆಘಾತವಾಗಿರಬಹುದೆಂಬ ಅನುಮಾನ ಬಂದರೆ ಸಾಕು, ಆ ಪಂದ್ಯ ಅವನಿಗೆ ಮುಗಿಯಿತು. ಕಡ್ಡಾಯವೆಂಬ ಪದವನ್ನು ಬಳಸದೆಯೇ ಕಡ್ಡಾಯ ಮಾಡುವ ಜಾಣತನ ಇದು.

ಸ್ವನಿರ್ಣಯ ಬರೆದದ್ದು:

ನನ್ನ ನಿಜವಾದ ಆತಂಕವನ್ನು ಅಂಚುಗೆರೆಯವರು ನನಗಿಂತ ಚೆನ್ನಾಗಿ ಹೊರಗೆಳೆದಿದ್ದಾರೆ. ಹಲ್ಲು ಕಾಯುವ ತುಂಡು ಸುಮ್ಮನೆ ಬಾಯಲ್ಲಿ ಕೂರುತ್ತದೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಸಂವೇದಕವಿರುವುದು ಹೇಳುತ್ತದೆ. ಒಬ್ಬ ಆಟಗಾರ ಐದು ಋತುಗಳಲ್ಲಿ ತಿಂದ ಪ್ರತಿಯೊಂದು ಪೆಟ್ಟಿನ ಲೆಕ್ಕ ಒಂದು ಕಡತದಲ್ಲಿ ಸೇರುತ್ತದೆ. ಒಪ್ಪಂದ ನವೀಕರಿಸುವ ದಿನ ಆ ಕಡತ ಯಾರ ಮೇಜಿನ ಮೇಲಿರುತ್ತದೆ? ವಿಮಾ ಕಂಪನಿಯ ಕೈಗೆ ಸಿಗುತ್ತದೆಯೇ? 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ಅವರು ತಮಗೆ ಅಕಾಲಿಕ ಮರೆಗುಳಿತನ ಬಂದಿರುವುದಾಗಿ 2020ರಲ್ಲಿ ಹೇಳಿದರು, ಅವರಂಥ ಹಲವು ಮಾಜಿ ಆಟಗಾರರು ಆಡಳಿತ ಸಂಸ್ಥೆಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದಾರೆ. ನಾಳೆ ಅಂಥದೇ ಮೊಕದ್ದಮೆಯಲ್ಲಿ ಈ ಕಡತ ಆಟಗಾರನ ಪರವಾಗಿ ಸಾಕ್ಷಿ ಹೇಳುತ್ತದೆಯೋ ಅಥವಾ 'ಅಪಾಯ ತಿಳಿದೇ ಆಡಿದ್ದಾನೆ' ಎಂದು ಅವನ ವಿರುದ್ಧ ನಿಲ್ಲುತ್ತದೆಯೋ? ಇದಕ್ಕೆ ಉತ್ತರ ಸಿಗದೆ ಕಡ್ಡಾಯದ ಮಾತಾಡುವುದು ಆತುರವಾಗುತ್ತದೆ.

ದಂತಪಂಕ್ತಿ ಬರೆದದ್ದು:

ಎರಡು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದದ್ದೇ ಗೊಂದಲದ ಮೂಲ. ಸಂವೇದಕವಿರುವುದು ಪೆಟ್ಟನ್ನು ಅಳೆಯುತ್ತದೆಯೇ ಹೊರತು ಮಿದುಳಿಗೆ ತಾಗುವುದನ್ನು ತಡೆಯುವುದಿಲ್ಲ.

ಹಾಗೆಂದು ನನ್ನ ಮೊದಲಿನ ಎಚ್ಚರಿಕೆಯನ್ನು ತುಸು ಸಡಿಲಿಸಬೇಕು. ಕ್ರೀಡೆಯಲ್ಲಿ ಮಿದುಳಿನ ಆಘಾತ ಕುರಿತು 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಹೇಳಿಕೆಯಲ್ಲಿ, ಐಸ್ ಹಾಕಿಯಲ್ಲಿ ಮೌತ್‌ಗಾರ್ಡ್ ಬಳಕೆಗೂ ಆಘಾತದ ಪ್ರಮಾಣ ಶೇ. 28 ಕಡಿಮೆಯಿರುವುದಕ್ಕೂ ಸಂಬಂಧ ಕಂಡುಬಂದಿದೆ ಎಂದಿದೆ. ಆದರೆ ಐಸ್ ಹಾಕಿಯ ಫಲಿತಾಂಶವನ್ನು ಎತ್ತಿ ರಗ್ಬಿಯ ಮೇಲೆ ಇಡಲು ನನ್ನ ಕೈ ಬರುವುದಿಲ್ಲ. ಮೆತ್ತನೆಯ ತಲೆಗವಸಿನ ಬಗ್ಗೆಯೂ ಹೀಗೇ ಭರವಸೆ ಇಟ್ಟಿದ್ದೆವು. ಆಸ್ಟ್ರೇಲಿಯಾದಲ್ಲಿ ಸುಮಾರು 4,000 ಯುವ ರಗ್ಬಿ ಆಟಗಾರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ಆ ಭರವಸೆಯನ್ನು ಹುಸಿಮಾಡಿತು. ಹಲ್ಲು ಉಳಿಯುತ್ತದೆ ಎಂಬ ಒಂದೇ ಕಾರಣ ಕಡ್ಡಾಯಕ್ಕೆ ಸಾಕು. ಅದಕ್ಕೆ ಮಿದುಳಿನ ಭಯವನ್ನು ಒತ್ತಾಸೆಯಾಗಿ ತಂದರೆ, ಮುಂದೊಂದು ದಿನ ಆ ಭರವಸೆ ಹುಸಿಯಾದಾಗ ಹಲ್ಲಿನ ವಾದವೂ ಜೊತೆಗೇ ಬೀಳುತ್ತದೆ.

ಸೀಟಿ ಬರೆದದ್ದು:

ನಿಯಮ ಬರೆಯುವವರು ಸಾಮಾನ್ಯವಾಗಿ ಮರೆಯುವ ಪ್ರಾಣಿಯೆಂದರೆ ರೆಫರಿ, ಹಾಗಾಗಿ ಅವನ ಪರವಾಗಿ ಎರಡು ಮಾತು.

ಪಂದ್ಯಕ್ಕೆ ಮೊದಲು ಬೂಟಿನ ಮೊಳೆ ಪರೀಕ್ಷಿಸುವುದು ಸುಲಭ, ಅವು ಮಧ್ಯದಲ್ಲಿ ಮಾಯವಾಗುವುದಿಲ್ಲ. ಮೌತ್‌ಗಾರ್ಡ್ ಹಾಗಲ್ಲ. ಆಟಗಾರ ಅದನ್ನು ಹೊರತೆಗೆದು ಕಾಲುಚೀಲಕ್ಕೆ ಸಿಕ್ಕಿಸಿಕೊಳ್ಳುತ್ತಾನೆ, ನೀರು ಕುಡಿಯುವಾಗ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ, ಪೆನಾಲ್ಟಿ ಒದೆಯುವ ಮೊದಲು ಉಗಿಯುತ್ತಾನೆ. ರಕ್‌ನಲ್ಲಿ ಯಾರ ಕೈ ಎಲ್ಲಿದೆ, ಆಫ್‌ಸೈಡ್ ಗೆರೆ ಎಲ್ಲಿದೆ ಎಂದು ನೋಡುವ ಹೊತ್ತಿನಲ್ಲಿ 30 ಬಾಯಿಗಳನ್ನು ಇಣುಕಿ ನೋಡಲು ನನ್ನಿಂದ ಸಾಧ್ಯವಿಲ್ಲ. ಅದನ್ನು ಪೆನಾಲ್ಟಿ ಅಪರಾಧವಾಗಿಸಿದರಂತೂ, ಕೊನೆಯ ನಿಮಿಷದಲ್ಲಿ ಎದುರು ತಂಡದ ನಾಯಕ ಬಂದು 'ಅವನ ಬಾಯಿ ನೋಡಿ' ಎಂದು ನನ್ನ ಮುಂದೆ ನಿಲ್ಲುತ್ತಾನೆ.

ಆದ್ದರಿಂದ ಶಿಕ್ಷೆ ಚೆಂಡಿನ ಮೇಲೆ ಬೀಳದಿರಲಿ. ಆಟ ನಿಂತ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದರೆ ಅವನನ್ನು ಹೊರಗೆ ಕಳಿಸುತ್ತೇನೆ, ಹಾಕಿಕೊಂಡು ಮರಳಲಿ. ಪದೇ ಪದೇ ಆದರೆ ಪಂದ್ಯದ ನಂತರ ಕ್ಲಬ್ಬಿಗೆ ದಂಡ ಹಾಕಲಿ. ಕ್ಲಬ್ಬಿನ ಜೇಬಿಗೆ ಕೈ ಹಾಕಿದರೆ ಕೋಚ್ ತಾನೇ ಎಲ್ಲರ ಬಾಯಿ ನೋಡುತ್ತಾನೆ.

ನಾಲ್ಕನೆಯ ನಿಯಮ ಬರೆದದ್ದು:

ಇಷ್ಟನ್ನೂ ಓದಿದ ಮೇಲೆ ನನ್ನ ಪ್ರಶ್ನೆಯೇ ಒರಟಾಗಿತ್ತು ಎನ್ನಿಸುತ್ತಿದೆ. ಪದಗಳಲ್ಲಿ ಇಡಲು ಯತ್ನಿಸುತ್ತೇನೆ, ತಿದ್ದಿ.

ವೃತ್ತಿಪರ ಆಟಗಾರನು ಪಂದ್ಯದಲ್ಲೂ ಮೈಗೆ ಮೈ ತಾಗುವ ಅಭ್ಯಾಸದಲ್ಲೂ ತನ್ನ ಬಾಯಿಯ ಅಳತೆಗೆ ತಯಾರಿಸಿದ ಮೌತ್‌ಗಾರ್ಡ್ ಧರಿಸತಕ್ಕದ್ದು. ಅದನ್ನು ಮಾಡಿಸಿಕೊಡುವ, ಸವೆದಾಗ ಬದಲಿಸುವ ವೆಚ್ಚ ಕ್ಲಬ್ಬಿನದು. ವೈದ್ಯಕೀಯ ಕಾರಣದಿಂದ ಧರಿಸಲಾಗದವನಿಗೆ ದಂತವೈದ್ಯರ ಲಿಖಿತ ಪತ್ರದ ಮೇಲೆ ವಿನಾಯಿತಿ. ಹುಕ್ಕರ್ ಅವರ ವಾಕರಿಕೆಯ ಜೊತೆಗಾರನಿಗೆ ಇದರಿಂದ ನ್ಯಾಯ ಸಿಗಬಹುದು. ಸಂವೇದಕ ಇರಬೇಕೇ ಎಂಬುದು ಈ ನಿಯಮದೊಳಗೆ ಬರಬಾರದು. ಅದು ಆಟಗಾರರ ಸಂಘದೊಂದಿಗೆ ಮಾಡಿಕೊಳ್ಳುವ ಪ್ರತ್ಯೇಕ ಒಪ್ಪಂದದಲ್ಲಿರಲಿ, ಮತ್ತು ಮಾಹಿತಿ ಆಟಗಾರನದೇ, ವೈದ್ಯರ ಹೊರತು ಯಾರೂ ನೋಡುವಂತಿಲ್ಲ ಎಂಬ ಷರತ್ತು ಅದರ ಮೊದಲ ಸಾಲಾಗಿರಲಿ.

ಸ್ವನಿರ್ಣಯ ಬರೆದದ್ದು:

'ಆಟಗಾರರ ಸಂಘದ ಒಪ್ಪಿಗೆಯೊಂದಿಗೆ' ಎಂಬುದನ್ನು ಮೊದಲ ವಾಕ್ಯಕ್ಕೂ ಸೇರಿಸಿದರೆ ನಾನು ವಿರೋಧಿಸುವುದಿಲ್ಲ. ಸೇರಿಸದಿದ್ದರೆ ವಿರೋಧಿಸುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಅಂಚುಗೆರೆ ಬರೆದದ್ದು:

ವೈದ್ಯರ ಹೊರತು ಯಾರೂ ನೋಡಬಾರದು ಎಂಬ ಷರತ್ತು ಕೇಳಲು ಚೆನ್ನಾಗಿದೆ. ಆದರೆ ಆ ವೈದ್ಯರಿಗೆ ಸಂಬಳ ಕೊಡುವುದು ಅದೇ ಕ್ಲಬ್ಬು. ಷರತ್ತಿನಲ್ಲಿ ಈ ಗಂಟನ್ನೂ ಬಿಡಿಸಬೇಕಾಗುತ್ತದೆ.

ಹಳೆಯ ಹುಕ್ಕರ್ ಬರೆದದ್ದು:

ಸೀಟಿ ಅವರಿಗೆ ಒಂದು ಪ್ರಶ್ನೆ. ಸ್ಕ್ರಮ್ ಕುಸಿದಾಗ ಮೌತ್‌ಗಾರ್ಡ್ ಕೆಸರಿಗೆ ಬಿದ್ದು ಯಾರದೋ ಬೂಟಿನಡಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಹುಕ್ಕರ್ ಹೊರಗೆ ಹೋದರೆ ಮುಂದಿನ ಸ್ಕ್ರಮ್ಮಿನಲ್ಲಿ ಅವನ ಜಾಗಕ್ಕೆ ಯಾರು ಬರುತ್ತಾರೆ?

ಸೀಟಿ ಬರೆದದ್ದು:

ಗಡಿಯಾರ ನಿಲ್ಲಿಸಿ ಒಂದು ನಿಮಿಷ ಕೊಡುತ್ತೇನೆ. ಅಷ್ಟರಲ್ಲಿ ನಿಮ್ಮ ನೀರಿನ ಹುಡುಗ ಇನ್ನೊಂದನ್ನು ಡಬ್ಬಿಯಲ್ಲಿ ತಂದಿರಬೇಕು. ಒಬ್ಬ ಆಟಗಾರನಿಗೆ ಎರಡು ಮಾಡಿಸಿಡಿ ಎಂದು ಆ ಕರಡಿನಲ್ಲಿ ಸೇರಿಸಿಬಿಡಿ.